ಹಾಜರಪ್ಪನ ಖಾಲಿ ಜಾಗ

ಹೆಣ್ಣುಮಕ್ಕಳ ಹಾಸ್ಟೆಲ್, ರಾಯಚೂರು
12 ಆಗಸ್ಟ್ 2024

ಸ್ವಸ್ತಿ. ದೇವದುರ್ಗದ ಗದ್ದೆಪ್ಪನ ಜ್ಯೇಷ್ಠಪುತ್ರ, ಮಾನ್ವಿಯ ಹಂಪಣ್ಣ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರಿನ ಅಧಿಪತಿ, ಸ್ವಂತ ಮೊಬೈಲನ್ನು ಭತ್ತ ನೆನೆಸುವ ತೊಟ್ಟಿಗೆ ಅರ್ಪಿಸಿದ ದಾನಶೂರ, ನನ್ನ ಅಣ್ಣನಾದ ತಿರುಪತಿಯ ಸನ್ನಿಧಿಗೆ ತಂಗಿ ಅಂಬಿಕಾ ಬರೆಸಿ ನಿಲ್ಲಿಸಿದ ಶಾಸನ.

ನೀನು ಹೊಸ ಫೋನು ಕೊಳ್ಳುವ ತನಕ ನಮ್ಮಿಬ್ಬರ ನಡುವೆ ಅಂಚೆಯೇ ಗತಿ. ಇದನ್ನು ಒಡೆದವರು, ಓದದೆ ಎಸೆದವರು, ಓದಿಯೂ ಉತ್ತರ ಬರೆಯದವರು ಏಳು ಜನ್ಮ ಹಾಸ್ಟೆಲ್ಲಿನ ಉಪ್ಪಿಟ್ಟು ತಿನ್ನುವರು.

ಇಲ್ಲಿ ನನಗೆ ಶಿಕ್ಷೆಯಾಗಿದೆ. ಅಪರಾಧವೆಂದರೆ, ಕಾಲೇಜಿನ ತರಗತಿಯಲ್ಲಿ ಹಾಜರಿ ಕರೆಯುವಾಗ ನಾನೊಬ್ಬಳೇ ನಾಲ್ಕು ಜನರಾಗಿದ್ದು. ಸ್ವಪ್ನಾ ಸಿನಿಮಾಕ್ಕೆ ಹೋಗಿದ್ದಳು, ಅವಳಿಗೆ ಮೂಗಿನಿಂದ ಉತ್ತರಿಸಿದೆ. ನಾಗರತ್ನಾಳಿಗೆ ನೆಗಡಿಯ ಗಂಟಲು ಕೊಟ್ಟೆ. ಇನ್ನೊಬ್ಬಳಿಗೆ ಕೆಮ್ಮಿದೆ. ಕೊನೆಗೆ ನನ್ನ ಹೆಸರು ಬಂದಾಗ ನನ್ನ ಸ್ವಂತ ದನಿ ಯಾವುದೆಂದು ನೆನಪಾಗದೆ ಬಾಯಿ ತೆರೆದುಕೊಂಡು ಕೂತೆ. ಉಮಾದೇವಿ ಮೇಡಂ ಕನ್ನಡಕ ತೆಗೆದು ಕೇಳಿದರು: "ಎಲ್ಲಾರೂ ಬಂದಾರ, ಅಂಬಿಕಾ ಒಬ್ಬಾಕಿ ಬಂದಿಲ್ಲೇನವಾ?"

ಶಿಕ್ಷೆ ಏನು ಗೊತ್ತೇ? ಗ್ರಂಥಾಲಯದ ಹಿಂದಿನ ಕಪಾಟಿನಲ್ಲಿ ಯಾರೂ ಮುಟ್ಟದ ಒಂದು ದಪ್ಪ ಪುಸ್ತಕವಿದೆ, ಈಜಿಪ್ಟಿನ ಚಿತ್ರಲಿಪಿಯದು. ಅದರ ಅಕ್ಷರಗಳನ್ನೆಲ್ಲ ತಿದ್ದಿ ಕಲಿಯಬೇಕು. "ನಾಕು ದನಿ ಅದಾವಲ್ಲ, ಸತ್ತವರ ದನೀನೂ ಕಲಿ" ಅಂದರು. ಕಲಿಯುತ್ತಿದ್ದೇನೆ. ಇದನ್ನು ಮೇಡಂಗೆ ಹೇಳಬೇಡ, ಇದು ಶಿಕ್ಷೆಯೇ ಅಲ್ಲ.

ವಿಷಯಕ್ಕೆ ಬರುತ್ತೇನೆ. ನೂರಾ ಹನ್ನೆರಡನೇ ಪುಟದಲ್ಲಿ ನಿಮ್ಮ ಗಿರಣಿಯ ಗೂಡಿನಲ್ಲಿರುವ ಗೇಣುದ್ದದ ದೇವರು ಹಾಜರಪ್ಪ ನಿಂತಿದ್ದಾನೆ. ಅದೇ ನೀಲಿ ಮೈ, ಅದೇ ಎದೆಯ ಮೇಲೆ ಅಡ್ಡ ಕಟ್ಟಿದ ಕೈ, ಅದೇ ಯಾರ ಸಾಲವನ್ನೂ ಒಪ್ಪಿಕೊಳ್ಳದ ಮುಖ. ಹೋದ ವರ್ಷ ನಾನು ಗಿರಣಿಗೆ ಬಂದಾಗ ಮುಟ್ಟಲು ಹೋಗಿ ಬೈಸಿಕೊಂಡೆನಲ್ಲ, ಅವನೇ. ಅವನ ಮೈಮೇಲಿನ ಗೀಚುಗಳನ್ನು ಹೇಗಾದರೂ ಕಾಗದಕ್ಕೆ ಇಳಿಸಿ ಕಳಿಸು. ರಾಜಾಜ್ಞೆ.

ಅಂಬಿಕಾ, ನಾಲ್ಕು ಕಂಠಗಳ ಒಡತಿ


ಮಾನ್ವಿ
1 ಸೆಪ್ಟೆಂಬರ್ 2024

ತಂಗಿ ಅಂಬಿಕಾಗೆ,

ನಿನ್ನ ಶಾಸನ ಮುಟ್ಟಿತು. ನಮ್ಮ ಆಳುಗಳ ಮೇಲಿನ ಮುಕದ್ದಮ ಮಹಮ್ಮದ್ ಹುಸೇನ್ ಚಾಚಾ ಮೊದಲು ಓದಿ, ಆಮೇಲೆ ನನಗೆ ಕೊಟ್ಟ. "ನಿನ ತಂಗಿ ತಲಿ ಛಲೋ ಅದ ಬಿಡಪಾ, ಆದ್ರ ತಿರುಗಾಕತ್ತದ" ಅಂದ.

ಹಾಜರಪ್ಪನ ಗುರುತು ಇದರೊಳಗಿದೆ. ಊದಿನಕಡ್ಡಿ ಪ್ಯಾಕೆಟ್ಟಿನ ತೆಳು ಕಾಗದವನ್ನು ಅವನ ಮೈಗೆ ಸುತ್ತಿ, ಮೇಲೆ ಬಾಯ್ಲರಿನ ಹೊಟ್ಟಿನ ಬೂದಿ ತಿಕ್ಕಿದೆ. ಬೂದಿ ಕರಿ, ಗೀಚು ಬಿಳಿ. ಗೂಬೆ, ಕಾಲು, ಕಣ್ಣು, ನೀರಿನ ಗೆರೆ, ಎಲ್ಲ ಕಾಣುತ್ತವೆ. ಮಸುಕಾದ ಕಡೆ ಅವನ ಮೈಯನ್ನೇ ನೋಡಿ ತಿದ್ದಿದೆ; ನೀಲಿಯ ಮೇಲೆ ಗೀಚು ಬಿಳಿಯಾಗಿ ಕಾಣುವುದಕ್ಕೆ ಕಾರಣ ಅಮ್ಮಾವರು. ಸಾಹುಕಾರರ ತಾಯಿ ನೀಲಗಂಗಮ್ಮ ದಿನಾ ಬೆಳಿಗ್ಗೆ ಬಂದು ಗೂಡಿನಲ್ಲಿ ನಿಂತಿರುವ ಅವನಿಗೆ ವಿಭೂತಿ ಹಚ್ಚುತ್ತಾರೆ. ಅವರ ಮಾವ ಈರಯ್ಯನ ಕಾಲದಿಂದ ಹಚ್ಚಿದ ವಿಭೂತಿ ಗೀಚಿನ ಸಂದಿಯಲ್ಲೆಲ್ಲ ಕೂತು ಗಟ್ಟಿಯಾಗಿದೆ. ಕೈಗಳ ಕೆಳಗೆ ಎರಡು ಬೆರಳಗಲ ಮಾತ್ರ ನುಣುಪು, ಅಲ್ಲಿ ಗೀಚಿಲ್ಲ. ಮೂರು ಪಟ್ಟೆ ಎಳೆಯುವುದು ಅಲ್ಲೇ. ಅದು ವಿಭೂತಿಗಂತಲೇ ಬಿಟ್ಟ ಜಾಗ ಅಂತ ಅಮ್ಮಾವರು ಹೇಳುತ್ತಾರೆ.

ಕೈಯಲ್ಲಿ ಎರಡು ಗುದ್ದಲಿ ಇವೆ, ಬೆನ್ನಿಗೆ ಒಂದು ಚೀಲ ಇದೆ. ನೀನು ಅದನ್ನು ನೋಡಿರಲಿಕ್ಕಿಲ್ಲ.

ಹಾಜರಪ್ಪ ಅಂತ ಹೆಸರು ಯಾಕೆ ಬಂತು ಅಂತ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಚಾಚಾ ಅವನ ಗೂಡಿನ ಕೆಳಗೆ ನಿಂತು ನಮ್ಮ ಹೆಸರು ಕೂಗುತ್ತಾನೆ, ನಾವು ಹಾಜರ್ ಅನ್ನುತ್ತೇವೆ, ಅದಕ್ಕಿರಬೇಕು. ಹೊಸಬರು ಮೊದಲ ದಿನ ಅವನ ಪಾದ ಮುಟ್ಟಿ "ಕರೆದಾಗ ಹಾಜರ್" ಅಂತ ಆಣೆ ಮಾಡಬೇಕು. ನಿನ್ನ ದಂಧೆ ಇಲ್ಲೂ ಇದೆ ಬಿಡು. ಹೋದ ವಾರ ನನಗೆ ಜ್ವರ, ಮೂರು ದಿನ ನನ್ನ ಹಾಜರ್ ಬೇರೆಯವರು ಕೂಗಿದರು. ಚಾಚಾನಿಗೆ ಗೊತ್ತು, ಸುಮ್ಮನಿರುತ್ತಾನೆ.

ಯವ್ವನಿಗೆ ಮೊಣಕಾಲು ನೋವು ಕಡಿಮೆ. ನೀನು ಸರಿಯಾಗಿ ಉಣ್ಣು.

ತಿರುಪತಿ


ರಾಯಚೂರು
22 ಸೆಪ್ಟೆಂಬರ್ 2024

ಬಾಯ್ಲರಿನ ಅಧಿಪತಿಗೆ ಜಯವಾಗಲಿ.

ಎರಡು ವಾರ ನಿದ್ದೆಗೆಟ್ಟು, ಒಂದು ಸಲ ತಲೆಕೆಳಗಾಗಿ, ಎರಡು ಸಲ ಹಿಂದುಮುಂದಾಗಿ ಓದಿ, ಕೊನೆಗೆ ಉಮಾದೇವಿ ಮೇಡಂ ಕಡೆಯಿಂದ "ಮೂಳೀ, ಗೂಬಿ ಯಾ ಕಡಿ ನೋಡ್ತದ ನೋಡು, ಅಲ್ಲಿಂದ ಓದು" ಎಂದು ಬೈಸಿಕೊಂಡು, ನಾನು ಹಾಜರಪ್ಪನನ್ನು ಓದಿದ್ದೇನೆ. ಈ ಲಿಪಿಯಲ್ಲಿ ಹಕ್ಕಿ, ಪ್ರಾಣಿ, ಮನುಷ್ಯರೆಲ್ಲ ಸಾಲಿನ ಆರಂಭದತ್ತ ಮುಖ ಮಾಡಿರುತ್ತಾರೆ. ನಾನು ಅವುಗಳ ಬಾಲದ ಕಡೆಯಿಂದ ನುಗ್ಗಿದ್ದೆ.

ಗೊಂಬೆ ಅಸಲಿಯೋ ಮಾರಲು ಮಾಡಿದ ನಕಲಿಯೋ, ಕೈಯಲ್ಲಿ ಹಿಡಿದು ನೋಡಿದ ತಿಳಿದವರೇ ಹೇಳಬೇಕಂತೆ. ಬರಹ ಮಾತ್ರ ಪುಸ್ತಕದಲ್ಲಿರುವುದಕ್ಕೆ ಸಾಲುಸಾಲಾಗಿ ಹೊಂದುತ್ತದೆ.

ಈಗ ಕೇಳು, ಅರಿವೆಯಿಂದ ಕೈ ಒರೆಸಿಕೊಂಡು ಕೇಳು. ಅವನು ದೇವರಲ್ಲ, ಆಳು.

ಆ ದೇಶದ ದೊಡ್ಡವರಿಗೆ ಒಂದು ಹೆದರಿಕೆ ಇತ್ತು. ಸತ್ತ ಮೇಲೆ ಅಲ್ಲಿಯ ದೇವರೂ ಹೊಲದ ಕೆಲಸಕ್ಕೆ ಹೆಸರು ಹಿಡಿದು ಕರೆದರೆ ಗತಿ ಏನು? ಅದಕ್ಕೆ ಗೋರಿಯಲ್ಲಿ ಇಂಥ ಗೊಂಬೆಗಳನ್ನು ಇಡಿಸಿಕೊಳ್ಳುತ್ತಿದ್ದರು. ಮೈಮೇಲೆ ಬರೆದಿರುವುದು ಹೀಗಿದೆ:

"ಎಲೈ ಗೊಂಬೆಯೇ, ಇಂಥವನನ್ನು ಪರಲೋಕದಲ್ಲಿ ಕೆಲಸಕ್ಕೆ ಕರೆದರೆ, ಹೊಲ ಬೆಳೆಸಲು, ದಂಡೆಗೆ ನೀರು ಹಾಯಿಸಲು, ಮರಳನ್ನು ಪೂರ್ವದಿಂದ ಪಶ್ಚಿಮಕ್ಕೆ ಸಾಗಿಸಲು ಕರೆದರೆ, ಹಾಜರ್ ಅಂತ ನೀನು ಅನ್ನಬೇಕು."

ಕೊನೆಯ ಮಾತನ್ನು "ಇಗೋ ಇದ್ದೇನೆ" ಎಂದೂ ಕನ್ನಡಕ್ಕೆ ತರಬಹುದು. ಆದರೆ ನಿಮ್ಮ ಗಿರಣಿಯ ಮಾತೇ ಸರಿಯಾಗಿ ಕೂರುತ್ತದೆ. ಗುದ್ದಲಿ ಯಾಕೆ, ಚೀಲ ಯಾಕೆ ಎಂದು ಈಗ ತಿಳಿಯಿತೇ? ದೇವದುರ್ಗದವರು ಹೊಳೆಯ ಮರಳು ಹೊರುವುದು ಇಲ್ಲಿಗೇ ಮುಗಿಯುವುದಿಲ್ಲ, ಅಲ್ಲೂ ಇದೆ ಎಂದು ಯಪ್ಪನಿಗೆ ಹೇಳಬೇಡ, ಹೆದರಿಕೊಂಡಾನು.

ಇನ್ನು ಆ ನುಣುಪು ಜಾಗ. ಅಣ್ಣಾ, ಅದು ವಿಭೂತಿಗೆ ಬಿಟ್ಟದ್ದಲ್ಲ. ಈ ಗೊಂಬೆಗಳನ್ನು ಮೊದಲೇ ರಾಶಿಗಟ್ಟಲೆ ಮಾಡಿ ಇಡುತ್ತಿದ್ದರಂತೆ. ಬರಹವೆಲ್ಲ ಸಿದ್ಧ, ಹೆಸರಿನ ಜಾಗ ಖಾಲಿ. ಕೊಂಡವನ ಹೆಸರು ಆಮೇಲೆ ತುಂಬುವುದು. ನಿಮ್ಮ ಹಾಜರಪ್ಪನಲ್ಲಿ ತುಂಬುವುದನ್ನು ಯಾರೋ ಮರೆತರು. ಪಾಪ, ಯಾರ ಬದಲಿಗೆ ಹಾಜರ್ ಅನ್ನಬೇಕೆಂದು ತಿಳಿಯದೆ ನಿಂತಿದ್ದಾನೆ.

ನಿನಗೊಂದು ಕಾಣಿಕೆ. ನಿನ್ನ ಹೆಸರನ್ನು ಬರೆದಿದ್ದೇನೆ. ತ-ಕಾರಕ್ಕೆ ರೊಟ್ಟಿ, ರ-ಕಾರಕ್ಕೆ ಬಾಯಿ, ಪ-ಕಾರಕ್ಕೆ ಮಣೆ, ಮತ್ತೆ ತ-ಕಾರಕ್ಕೆ ರೊಟ್ಟಿ. ಅಂದರೆ ಮಣೆಯ ಮೇಲೆ ಕೂತು ಒಂದೇ ಬಾಯಲ್ಲಿ ಎರಡು ರೊಟ್ಟಿ ತಿನ್ನುವವನು. ನಾಲ್ಕು ಸಾವಿರ ವರ್ಷದ ಹಿಂದೆಯೇ ನಿನ್ನನ್ನು ನೋಡಿದ್ದಾರೆ. ಸುತ್ತಲೂ ಎಳೆದದ್ದು ಹಗ್ಗದ ಸುತ್ತು. ರಾಜರ ಹೆಸರಿಗೆ ಮಾತ್ರ ಹಾಕುತ್ತಿದ್ದರು, ಹೆಸರಿಗೆ ಕಾವಲಿರಲಿ ಎಂದು. ನೀನು ಸಹಿ ಮಾಡುವಾಗ ಅಭ್ಯಾಸ ಮಾಡು.

ರಾಜಪುರೋಹಿತೆ ಅಂಬಿಕಾ


ಮಲ್ಲಟ
18 ಅಕ್ಟೋಬರ್ 2024

ತಂಗಿ ಅಂಬಿಕಾಗೆ,

ನಾನೀಗ ಮಲ್ಲಟದಲ್ಲಿ ಸಾಹುಕಾರರ ಹೊಲದ ಮನೆಯಲ್ಲಿದ್ದೇನೆ. ಕೆಲಸ ಹಗುರ. ಸಾಹುಕಾರರು ಹೊಸ ಫೋನು ಕೊಡಿಸಿದ್ದಾರೆ, ಸದ್ಯ ಅವರ ಹತ್ತಿರವೇ ಇದೆ.

ನಿನ್ನ ಓದಿನ ಚಿಂತೆ ಇಲ್ಲ. ಎಂ.ಎ. ತನಕ ಫೀಸು, ಹಾಸ್ಟೆಲು, ಪುಸ್ತಕ ಎಲ್ಲ ಆಗುತ್ತದೆ. ಹೇಗೆ ಅಂತ ಕೇಳಬೇಡ. ದೀಪಾವಳಿಗೆ ಊರಿಗೆ ಬರಬೇಡ, ಬಸ್ಸು ರಶ್ ಇರುತ್ತವೆ.

ಒಂದು ಮಾತು ಕೇಳಬೇಕಿತ್ತು. ಆ ಖಾಲಿ ಜಾಗದಲ್ಲಿ ಒಮ್ಮೆ ಹೆಸರು ಕೊರೆದರೆ, ಆಮೇಲೆ ಅಳಿಸಲು ಬರುತ್ತಿತ್ತೇ? ಪುಸ್ತಕದಲ್ಲಿ ಇದ್ದರೆ ಬರಿ.

ತಿರುಪತಿ


ರಾಯಚೂರು
27 ಅಕ್ಟೋಬರ್ 2024

ಅಣ್ಣಾ,

ಇಂದು ಸ್ವಸ್ತಿ ಇಲ್ಲ.

ಬಸ್ಸು ರಶ್ ಅಂತ ನೀನು ಬರೆದದ್ದನ್ನು ಓದಿದ ಕೂಡಲೇ ನನಗೆ ಅನುಮಾನ ಬಂತು. ನೀನು ಬಸ್ಸಿನ ಟಾಪ್ ಮೇಲೆ ಕೂತು ಜಾತ್ರೆಗೆ ಹೋದವನು. ಯವ್ವನಿಗೆ ಫೋನು ಮಾಡಿದೆ. ಅವಳು ಅಳುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಅಕ್ಟೋಬರ್ ಎಂಟರ ಬೆಳಿಗ್ಗೆ ಆರು ಗಂಟೆಗೆ ಸಾಹುಕಾರರ ಮರಳಿನ ಟ್ರ್ಯಾಕ್ಟರು ಕವಿತಾಳ ಕ್ರಾಸಿನಲ್ಲಿ ಪಂಚರ್ ಅಂಗಡಿಯ ಇನಾಯತನಿಗೆ ಹೊಡೆದು ನಿಲ್ಲಿಸದೆ ಹೋಯಿತು, ಅದನ್ನು ನಡೆಸುತ್ತಿದ್ದವನು ಸಾಹುಕಾರರ ಮಗ ಬಸವಪ್ರಸಾದ, ಅವನಿಗೆ ಲೈಸೆನ್ಸ್ ಇಲ್ಲ, ನಡೆಸಿದ್ದು ನಾನೇ ಅಂತ ನೀನು ಹೇಳಲಿದ್ದೀಯ. ಹೌದೋ ಅಲ್ಲವೋ?

ನೀನು ಟ್ರ್ಯಾಕ್ಟರ್ ನಡೆಸಿದ್ದು ಜನ್ಮದಲ್ಲಿ ಒಮ್ಮೆ, ಅದೂ ಸೀದಾ ಹುಣಸೆ ಮರಕ್ಕೆ.

ಇನಾಯತ್ ಇಲ್ಲೇ ರಾಯಚೂರಿನ ಆಸ್ಪತ್ರೆಯಲ್ಲಿದ್ದಾನೆ. ನಿನ್ನೆ ಹೋಗಿದ್ದೆ. ಎಡಗಾಲು ಎರಡು ಕಡೆ ಮುರಿದಿದೆ. ಕಾಲೇಜಿನಿಂದ ರೋಗಿಗಳನ್ನು ನೋಡಲು ಬಂದವಳು ಎಂದು ಸುಳ್ಳು ಹೇಳಿ ಮೋಸಂಬಿ ಸುಲಿದು ಕೊಟ್ಟೆ.

"ಯಾರು ಹೊಡದ್ರು ಅಂತ ಗೊತ್ತೇನ್ರಿ?" ಎಂದು ಕೇಳಿದೆ.

"ಹಿಂದಿಂದ ಬಂತಮ್ಮಾ, ಮಕ ನೋಡಲಿಲ್ಲ. ಸಾಹುಕಾರ್ರು ಬಂದು ಹೇಳಿದ್ರು, ಗಿರಣಿ ಹುಡುಗ ತಿರುಪತಿ ಅಂತ. ಒಂದ ದಿನ ಸಿಕ್ಕರ ಕೇಳಬೇಕಂತೀನಿ. ಗಾಡಿ ನಿಂದರ್ಸಿ, ಇಳದು, ಬದುಕ್ಯಾನೋ ಸತ್ತಾನೋ ಅಂತ ನೋಡಬಾರ್ದಿತ್ತೇನಪಾ ಅಂತ. ಅಷ್ಟ."

ಅವನು ಬೈದಿದ್ದರೆ ಚೆನ್ನಾಗಿತ್ತು. ನಾನು ನಿನ್ನ ತಂಗಿ ಎಂದು ಹೇಳಲು ಬಾಯಿ ಬರಲಿಲ್ಲ. ನಾಲ್ಕು ದನಿಗಳಲ್ಲಿ ಒಂದೂ ಬರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಅಳಿಸಬಹುದು. ಅಲ್ಲಿಯ ರಾಜರು ತಮಗಾಗದವರ ಹೆಸರನ್ನು ಕಲ್ಲಿನಿಂದ ಉಳಿ ಹಿಡಿದು ಕೆತ್ತಿ ತೆಗೆಸುತ್ತಿದ್ದರು. ಆದರೆ ಗಾಯ ಉಳಿಯುತ್ತದೆ. ಅಲ್ಲಿ ಯಾರದೋ ಹೆಸರು ಇತ್ತೆಂದು ಇವತ್ತಿಗೂ ಕಾಣುತ್ತದೆ.

ನನ್ನ ಫೀಸಿಗೆ ನಿನ್ನನ್ನು ಮಾರಲು ನಿನಗೆ ಯಾರು ಅಧಿಕಾರ ಕೊಟ್ಟರು? ಉತ್ತರ ಬರಿ. ಈ ಸಲ ಶಾಪ ಹಾಕುವುದಿಲ್ಲ, ಸ್ವತಃ ಬರುತ್ತೇನೆ.

ಅಂಬಿಕಾ


ಮಲ್ಲಟ
5 ನವೆಂಬರ್ 2024

ಅಂಬಿಕಾ,

ಹೌದು.

ವಕೀಲರು ಕಾಗದ ಬರೆದಿಟ್ಟಿದ್ದಾರೆ. "ಸದರಿ ಟ್ರ್ಯಾಕ್ಟರನ್ನು ನಡೆಸುತ್ತಿದ್ದ" ಅಂತ ಇದೆ, ಮುಂದೆ ಖಾಲಿ ಗೆರೆ, ಆಮೇಲೆ "ಎಂಬ ನಾನು" ಅಂತ ಇದೆ. ಅದನ್ನು ನೋಡಿದಾಗ ನಿನ್ನ ಹಾಜರಪ್ಪ ನೆನಪಾಗಿ ನಗು ಬಂತು. ಸಾಹುಕಾರರು ಯಾಕೆ ನಗುತ್ತಿ ಅಂದರು.

"ವಾರದಾಗ ಜಾಮೀನು ಆಗ್ತದ. ನಿನ ತಂಗಿ ಎಂ.ಎ. ತನಕ ಓದಲಿ, ಎಲ್ಲಾ ನಂದು. ನೀ ಠಾಣ್ಯಾಗ ಒಂದ ಮಾತು ಹಾಜರ್ ಅಂದ್ರ ಸಾಕು" ಅಂದರು. ಸೋಮವಾರ, ಹನ್ನೊಂದಕ್ಕೆ, ಹಾಜರಪ್ಪನ ಪಾದ ಮುಟ್ಟಿ ಆಣೆ ಮಾಡಿ ಹೆಸರು ತುಂಬಬೇಕು.

ಆ ಬೆಳಿಗ್ಗೆ ನಾನು ಗಿರಣಿಯಲ್ಲಿದ್ದೆ, ಆರಕ್ಕೆ ಹಾಜರ್ ಅಂದಿದ್ದೆ. ಚಾಚಾನ ಹಾಜರಿ ಪುಸ್ತಕದಲ್ಲಿದೆ. ಸಾಹುಕಾರರಿಗೆ ಅದನ್ನೂ ಹೇಳಿದೆ. "ಈ ಗಿರಣ್ಯಾಗ ಯಾರ ಹಾಜರ್ ಯಾರು ಕೂಗ್ತಾರ ಅಂತ ನನಗ ಗೊತ್ತಿಲ್ಲೇನು? ಜ್ವರ ಬಂದಾಗ ನಿಂದು ಯಾರು ಕೂಗಿದ್ರಪಾ?" ಅಂದರು. ಆ ಪುಸ್ತಕವನ್ನು ಸುಳ್ಳು ಮಾಡಿದವರು ನಾವೇ. ನಗುತ್ತಾ ಮಾಡಿದ್ದೆವು.

ನೀನು ಅಧಿಕಾರದ ಮಾತು ಬರೆದಿದ್ದೀ. ನೀನು ಕಲ್ಲಿನ ಮೇಲಿನದನ್ನು ಓದುತ್ತೀ, ನಾನು ನಮ್ಮ ಮನೆಯ ಒಲೆ ಓದುತ್ತೇನೆ. ಯಪ್ಪ ಇನ್ನೆಷ್ಟು ವರ್ಷ ಮರಳು ಹೊತ್ತಾನು? ಅವನಿಗೆ ಹೇಳಿದೆ. ಎರಡು ದಿನ ಉಂಡಿಲ್ಲವಂತೆ. ಬೇಡ ಅಂತ ಮಾತ್ರ ಅನ್ನಲಿಲ್ಲ.

ಒಬ್ಬರಾದರೂ ಓದಲಿ. ಇನ್ನು ಬರೆಯಬೇಡ.

ತಿರುಪತಿ


ರಾಯಚೂರು
8 ನವೆಂಬರ್ 2024
(ಮಲ್ಲಟದ ಬಸ್ಸಿನ ಕಂಡಕ್ಟರ್ ಕೈಯಲ್ಲಿ)

ಸ್ವಸ್ತಿ. ನಾಲ್ಕು ಕಂಠಗಳ ಮಾಜಿ ಒಡತಿ, ಈ ಕ್ಷಣದಿಂದ ಒಂದೇ ಕಂಠದ ಅಂಬಿಕಾ, ಮೊಂಡ ಅಣ್ಣನಿಗೆ ಹೊರಡಿಸಿದ ಕೊನೆಯ ರಾಜಾಜ್ಞೆ.

ನಿನ್ನೆ ಉಮಾದೇವಿ ಮೇಡಂ ಮೇಜಿನ ಮೇಲೆ ಒಂದು ಹಾಳೆ ಇಟ್ಟು ಬಂದೆ. ನಾನು ತರಗತಿಯಲ್ಲಿರದೆ ಸ್ವಪ್ನಾ, ನಾಗರತ್ನಾ ನನಗಾಗಿ ಕೂಗಿದ ದಿನಗಳು ಇಪ್ಪತ್ತಾರು, ತಾರೀಖಿನ ಸಮೇತ. ಗೆಳತಿಯರ ಹೆಸರು ಬರೆದಿಲ್ಲ, ಅದು ಅವರ ಖಾಲಿ ಜಾಗ, ಅವರೇ ತುಂಬಲಿ. ಮೇಡಂ ಎರಡು ಸಲ ಓದಿದರು.

"ಇದನ್ನ ನಾ ಮ್ಯಾಲೆ ಕಳಿಸಿದ್ರ ಹಾಜರಿ ಸಾಲೂದಿಲ್ಲ. ಈ ಸೆಮಿಸ್ಟರ್ ಪರೀಕ್ಷಾಕ್ಕ ಕುಂದ್ರಸೂದಿಲ್ಲ, ತಿಳೀತೇನು?"

"ತಿಳೀತ್ರಿ. ಕಳಸ್ರಿ."

"ಯಾಕವಾ, ಯಾರರ ಹೆದರಿಸ್ಯಾರೇನು?"

"ಇಲ್ರಿ. ನಮ್ಮಣ್ಣಗ ಹೆದರಸಬೇಕಾಗೇದ."

ಅವರು ಕಳಿಸಿದರು. ಆದ್ದರಿಂದ ಬಾಯ್ಲರಿನ ಅಧಿಪತಿಯೇ, ಪೇಟೆಯ ಸುದ್ದಿ ಕೇಳು: ಯಾವ ಸರಕಿಗಾಗಿ ನೀನು ನಿನ್ನನ್ನು ತೂಕಕ್ಕೆ ಹಾಕಿದ್ದೆಯೋ ಆ ಸರಕು ಈ ವರ್ಷ ಪೇಟೆಯಲ್ಲೇ ಇಲ್ಲ. ನಾನು ಬಿ.ಎ.ಯನ್ನೇ ಈ ವರ್ಷ ಮುಗಿಸುವುದಿಲ್ಲ, ಸಾಹುಕಾರರು ಎಂ.ಎ.ಯ ಫೀಸು ಯಾರಿಗೆ ಕಟ್ಟುತ್ತಾರೆ? ಮುಂದಿನ ವರ್ಷ ಮತ್ತೆ ಕೂರುತ್ತೇನೆ, ನನ್ನದೇ ಹೆಸರಿನಲ್ಲಿ, ನನ್ನದೇ ದನಿಯಲ್ಲಿ. ಸಂಜೆ ಹೊತ್ತು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಹಿಡಿದಿದ್ದೇನೆ. ನೀನು ಕಳಿಸಿದರೂ ಆ ಫೀಸು ಮುಟ್ಟುವುದಿಲ್ಲ. ಇದು ಬೆದರಿಕೆ ಅಲ್ಲ, ಆಗಿಹೋದ ವರ್ತಮಾನ.

ನಾವು ಸುಳ್ಳು ಮಾಡಿದ ಪುಸ್ತಕ ಅಂದೆಯಲ್ಲ. ನನ್ನದನ್ನು ನಾನು ತಿದ್ದಿದ್ದೇನೆ. ನಿನ್ನ ಮೂರು ದಿನ ಯಾವುವು ಅಂತ ನೀನು ಹೇಳಿಬಿಟ್ಟರೆ, ಉಳಿದ ದಿನಗಳೆಲ್ಲ ನಿಜವಾಗುತ್ತವೆ. ಅಕ್ಟೋಬರ್ ಎಂಟೂ.

ಜೊತೆಗೆ ಹಾಜರಪ್ಪನ ಬರಹವನ್ನು ದೊಡ್ಡದಾಗಿ ಬರೆದು ಇಟ್ಟಿದ್ದೇನೆ, ಒಂದೊಂದು ಚಿತ್ರದ ಕೆಳಗೆ ಕನ್ನಡ. ಆಣೆಗೆ ಮೊದಲು ಓದು. ಏನಕ್ಕೆ ಆಣೆ ಮಾಡುತ್ತಿದ್ದೀ ಅಂತ ಗೊತ್ತಿದ್ದು ಮಾಡು. ಅಷ್ಟೇ ನಾನು ಕೇಳುವುದು.

ಅಂಬಿಕಾ, ಒಬ್ಬಳೇ


ದೇವದುರ್ಗ
13 ನವೆಂಬರ್ 2024

ಸ್ವಸ್ತಿ. ಬಾಯ್ಲರಿನ ಮಾಜಿ ಅಧಿಪತಿ ತಿರುಪತಿ, ತಂಗಿಗೆ ಬರೆದ ಶಾಸನ. ನನಗೂ ಬರುತ್ತದೆ ನೋಡು.

ಸೋಮವಾರ ಗಿರಣಿ ನಿಲ್ಲಿಸಿದ್ದರು. ಸಾಹುಕಾರರು, ಬಸವಪ್ರಸಾದ, ವಕೀಲರ ಗುಮಾಸ್ತ, ಚಾಚಾ, ಹಮಾಲರು ಎಲ್ಲ ಇದ್ದರು. ಅಮ್ಮಾವರು ವಿಭೂತಿ ಹಚ್ಚಿ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ನಾನೇ ಹೊಡೆದದ್ದು ಅಂತ ಹೇಳಿದ್ದರಂತೆ.

"ಪಾದ ಮುಟ್ಟು" ಅಂದರು ಸಾಹುಕಾರರು.

ನಾನು ಕಿಸೆಯಿಂದ ನಿನ್ನ ಹಾಳೆ ತೆಗೆದೆ. "ಮುಟ್ಟತೀನ್ರಿ. ಮೊದಲ ಇಂವ ಏನಂತಾನ ಓದ್ತೀನಿ" ಅಂದೆ. ಹಮಾಲರು ನಕ್ಕರು. ನಾನು ಗೂಬೆಯ ಮೇಲೆ ಬೆರಳಿಟ್ಟೆ. ಹೊಲಕ್ಕೆ ಕರೆದರೆ, ನೀರಿಗೆ ಕರೆದರೆ, ಮರಳಿಗೆ ಕರೆದರೆ ಅಂತ ಓದುವಾಗ ಯಾರೂ ನಗುತ್ತಿರಲಿಲ್ಲ. "ಹಾಜರ್ ಅಂತ ನೀನು ಅನ್ನಬೇಕು" ಅಂತ ಮುಗಿಸಿದೆ.

"ಏನೋ ಮಂತ್ರ ಓದ್ತಿಯಲೇ, ಸಹಿ ಮಾಡು" ಅಂದ ಬಸವಪ್ರಸಾದ.

ಅಮ್ಮಾವರು ಕೋಲು ಎತ್ತಿ ಅವನನ್ನು ಸುಮ್ಮನಿರಿಸಿದರು. "ಇನ್ನೊಮ್ಮಿ ಓದಪಾ" ಅಂದರು. ಓದಿದೆ, ಆ ಮೂರು ಪಟ್ಟೆಯ ಜಾಗ ಹೆಸರು ತುಂಬಲು ಬಿಟ್ಟದ್ದು ಅಂತಲೂ ಹೇಳಿದೆ.

"ಇದನ್ನ ನಾ ಕೇಳೀನಿ" ಅಂದರು ಅವರು. "ನಮ್ಮ ಮಾವ ಈರಯ್ಯ ಸಣ್ಣಾಂವಿದ್ದಾಗ ಜಾಗೀರದಾರನ ಮನ್ಯಾಗ ಬಿಟ್ಟಿ ಚಾಕರಿ ಮಾಡಿದಾಂವ. ಹಗಲಿ ರಾತ್ರಿ ಹಾಜರ್ ಹಾಜರ್ ಅನ್ನಬೇಕು. ಬಿಟ್ಟು ಬರೂ ಮುಂದ ಈ ಗೊಂಬಿ ತಂದಿದ್ದ. ಅಲ್ಲಿ ಯಾರೋ ಓದಿದಾಂವ ಹೇಳಿದ್ದನಂತ, ಇದು ಕರದ್ರ ಓ ಅಂತದ ಅಂತ. 'ಇನ್ನ ಮ್ಯಾಲ ಹಾಜರ್ ಅನ್ನೂದು ಇದರ ಕೆಲಸ, ನಂದಲ್ಲ' ಅಂತಿದ್ದ ನಮ್ಮ ಮಾವ. ನಗ್ತಿದ್ದ. ನಾ ಹೊಸಾ ಸೊಸಿ, ನನಗೇನ ತಿಳೀಬೇಕು? ದೇವರು ಅಂತ ವಿಭೂತಿ ಹಚ್ಚಿದೆ."

ಆಮೇಲೆ ಸೆರಗಿನ ತುದಿಯಿಂದ ಆ ಮೂರು ಪಟ್ಟೆ ಒರೆಸಿದರು. ಗಟ್ಟಿಯಾಗಿತ್ತು, ಉಗುರಿನಿಂದ ಕೆರೆಯಬೇಕಾಯಿತು. ಖಾಲಿ ಜಾಗ ನೀಲಿಯಾಗಿ ಹೊಳೆಯಿತು.

"ಖರೇ ಹೇಳು. ನೀ ನಡಸಿದೇನು?" ಅಂತ ನನ್ನನ್ನು ಕೇಳಿದರು.

"ಇಲ್ರಿ ಅಮ್ಮಾ. ನಾ ಇಲ್ಲೇ ಇದ್ದೆ. ಜ್ವರ ಬಂದಾಗ ಮೂರು ದಿನ ನಂದು ಬ್ಯಾರೆಯವರು ಕೂಗ್ಯಾರ, ತಾರೀಖ ಹೇಳ್ತೀನಿ. ಅವತ್ತು ಕೂಗಿದಾಂವ ನಾನ."

"ನಾ ಕೇಳೀನ್ರಿ" ಅಂದ ಚಾಚಾ. ನೆಲ ನೋಡಿಕೊಂಡು ಅಂದ, ಆದರೆ ಅಂದ.

ಅಮ್ಮಾವರು ಮಗನ ಕಡೆ ತಿರುಗಿದರು. "ಹಂಪಣ್ಣಾ, ಇಲ್ಲಿ ಹೆಸರು ಬರೀಲಾಕ ಬೇಕಂದ್ರ ನಿನ ಮಗಂದು ಬರಿ."

"ಗೊಂಬಿ ಮಾತು ಕೇಳಿ ಕೇಸು ನಡಿಯೂದಿಲ್ಲವ್ವಾ" ಅಂದರು ಸಾಹುಕಾರರು. ನನ್ನ ಕಡೆ ನೋಡಿ, "ನಾಳಿಂದ ಗಿರಣಿಗಿ ಬರಬ್ಯಾಡ" ಅಂದರು.

ನಾನೂ ಚಾಚಾನೂ ನಡೆದುಕೊಂಡು ಠಾಣೆಗೆ ಹೋದೆವು. ಪುಸ್ತಕ ಚಾಚಾನ ಕಂಕುಳಲ್ಲಿತ್ತು. ಅವನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೇಳಿಕೆ ಬರೆಸಿದೆ. ಬಸವಪ್ರಸಾದನಿಗೆ ಕರೆ ಕಳಿಸಿದ್ದಾರೆ. ಹಾಜರಾಗುತ್ತಾನೋ ನೋಡಬೇಕು.

ನಿನ್ನೆ ಮನೆಗೆ ಬಂದೆ. ಯಪ್ಪ ಮಣೆ ಹಾಕಿ ಕೂರಿಸಿ, ನನ್ನ ತಾಟಿಗೆ ಎರಡು ರೊಟ್ಟಿ ಹಾಕಿ, ತನ್ನದಕ್ಕೂ ಎರಡು ಹಾಕಿಕೊಂಡ. ನಾಳೆ ರಾಯಚೂರಿಗೆ ಬರುತ್ತೇನೆ. ಮೊದಲು ಇನಾಯತನ ಹತ್ತಿರ ಹೋಗಬೇಕು, ಅವನಿಗೆ ನನ್ನ ಮುಖ ತೋರಿಸಬೇಕು. ನೀನೂ ಬಾ, ಈ ಸಲ ತಂಗಿ ಅಂತ ಹೇಳು.

ಒಂದು ಮರೆತೆ. ಠಾಣೆಯಲ್ಲಿ ಸಹಿ ಮಾಡುವಾಗ ಕೈ ತಾನಾಗಿಯೇ ಹೆಸರಿನ ಸುತ್ತ ಹಗ್ಗ ಎಳೆದುಬಿಟ್ಟಿತು. ಪೇದೆ ಕಾಗದ ತಿರುಗಿಸಿ ನೋಡಿದ.

"ಇದೇನಲೇ, ಸಹಿಗೂ ಬೇಲಿ ಹಾಕೀದಿ?"

"ಹೌದ್ರಿ ಸಾಹೇಬ್ರ" ಅಂದೆ. "ಬ್ಯಾರೆಯವರು ಯಾರೂ ಒಳಗ ಬರಬಾರ್ದಂತ."

ರೊಟ್ಟಿ, ಬಾಯಿ, ಮಣೆ, ರೊಟ್ಟಿ